ಹುಲಿ ಕಂಬಳಿ ಮತ್ತು ಯುರೋಪ್ ಕಪ್ಪಿನ ಚರಿತ್ರೆ

ನನ್ನ ಅಣ್ಣ ಹನ್ನೊಂದು ವರ್ಷ ಕೂತು ಬರೆದ ಮೂರು ಪುಸ್ತಕಗಳನ್ನು ಕುವೈತಿನಿಂದ ಊರಿಗೆ ತರುವ ಕೆಲಸ ನನ್ನ ಪಾಲಿಗೆ ಬಂದಿತ್ತು. ನಾನು ತರಲಿಲ್ಲ. ತಂದಿದ್ದೇನೆ ಎಂದು ಸುಳ್ಳು ಹೇಳಿದೆ. ನನ್ನ ವಿದೇಶ ಪ್ರವಾಸದ ಸಾರಾಂಶ ಇಷ್ಟೇ. ಒಂಟೆ ನೋಡಿದೆಯಾ, ಚಿನ್ನದ ಅಂಗಡಿ ನೋಡಿದೆಯಾ ಎಂದು ಕೇಳುವವರಿಗೆ ನಾನು ಇಷ್ಟು ದಿನ ಒಂಟೆಯ ಬಗ್ಗೆಯೇ ಹೇಳುತ್ತಾ ಬಂದೆ. ನಿಜ ಹೇಳಬೇಕೆಂದರೆ ಒಂಟೆಯನ್ನು ಕಂಡದ್ದು ಒಂದೇ ಸಲ, ಅದೂ ಲಾರಿಯಲ್ಲಿ ಕೂತು ಹೋಗುತ್ತಿತ್ತು.

ನಾನು ಓದಿದ್ದು ಐದನೇ ಕ್ಲಾಸು. ಮೂಲ್ಕಿಯ ಮನೆಯಲ್ಲಿ ಬೀಡಿ ಸುತ್ತುತ್ತಾ, ಸಾಮಾನು ಕಟ್ಟಿ ಬಂದ ಹಳೆಯ ಪತ್ರಿಕೆಗಳನ್ನು ಬಿಡಿಸಿ ಓದುತ್ತಾ ಅಕ್ಷರ ಉಳಿಸಿಕೊಂಡವಳು. ಸಣ್ಣ ತಪ್ಪುಗಳಿದ್ದರೆ ನೀವೇ ತಿದ್ದಿಕೊಂಡು ಓದಿ. ದೊಡ್ಡ ತಪ್ಪನ್ನು ನಾನೇ ಹೇಳುತ್ತೇನೆ. ಮನೆಯಲ್ಲಿ ನಾವು ಆಡುವುದು ತುಳು. ಇಲ್ಲಿ ಎಲ್ಲರಿಗೂ ತಿಳಿಯಲೆಂದು ನಮ್ಮ ಕಡೆಯ ಕನ್ನಡದಲ್ಲಿ ಬರೆದಿದ್ದೇನೆ.

ಕುವೈತಿನ ವಿಮಾನ ನಿಲ್ದಾಣ: ಬಾಣಂತಿ ಪುಡಿ

ನಾನು ಹೋದದ್ದು ೧೯೯೦ರ ಏಪ್ರಿಲಿನಲ್ಲಿ, ಶಶಿ ಅತ್ತಿಗೆಯ ಬಾಣಂತನಕ್ಕೆ. ಅಣ್ಣ ವಾಸು ಅಲ್ಲಿನ ಎಣ್ಣೆ ಕಂಪನಿಯಲ್ಲಿ ಮೀಟರ್ ರಿಪೇರಿಯ ಟೆಕ್ನಿಶಿಯನ್. ಮದುವೆಯಾಗಿ ಆರು ವರ್ಷಕ್ಕೆ ಮೊದಲ ಮಗು. ಆ ದೇಶದಲ್ಲಿ ದೊಡ್ಡ ಆಸ್ಪತ್ರೆ ಉಂಟು, ಡಾಕ್ಟರು ಉಂಟು, ಎಲ್ಲ ಉಂಟು. ಬಾಣಂತಿಗೆ ಎಣ್ಣೆ ಹಚ್ಚಿ ಬಿಸಿನೀರು ಎರೆಯುವ ಕೈ ಮಾತ್ರ ಇಲ್ಲ. ಆ ಕೈಗೆ ಪಾಸ್‌ಪೋರ್ಟ್ ಮಾಡಿಸಿ, ಬೊಂಬಾಯಿಯಿಂದ ವಿಮಾನ ಹತ್ತಿಸಿದರು.

ಕಸ್ಟಮ್ಸಿನ ಆಫೀಸರ್ ನನ್ನ ಪೆಟ್ಟಿಗೆ ತೆರೆದ. ಕುಚ್ಚಲಕ್ಕಿಯನ್ನು ಕ್ಷಮಿಸಿದ. ಹಲಸಿನ ಹಪ್ಪಳವನ್ನು ಬೆಳಕಿಗೆ ಹಿಡಿದು ನೋಡಿ ಬಿಟ್ಟ. ಆಮೇಲೆ ಬಾಣಂತಿ ಪುಡಿಯ ಡಬ್ಬಿ ಸಿಕ್ಕಿತು. ಕಪ್ಪು ಪುಡಿ, ನಾಲ್ಕು ಡಬ್ಬಿ, ಅಂಟುಪಟ್ಟಿಯಿಂದ ಬಿಗಿದದ್ದು. ಅವನ ಮುಖ ಗಂಭೀರವಾಯಿತು. ಇನ್ನಿಬ್ಬರನ್ನು ಕರೆದ. ಮೂವರೂ ಮೂಸಿದರು. ನನಗೆ ಅರಬಿ ಬಾರದು, ಅವರಿಗೆ ತುಳು ಬಾರದು. ಸಾಮಾನು ದೂಡುವ ಒಬ್ಬ ಹೈದರಾಬಾದಿನವನು ನಡುವೆ ಬಂದು, “ಕ್ಯಾ ಹೈ ಬಹನ್?” ಅಂದ. ನಾನು ಹೊಟ್ಟೆ ತೋರಿಸಿದೆ, ಕೈಯಲ್ಲಿ ಮಗು ಆಡಿಸಿದೆ, ಸೊಂಟಕ್ಕೆ ಕೈಯಿಟ್ಟು ನರಳಿದೆ. ಅವನು ಅದನ್ನು ಅರಬಿಗೆ ತಂದ. ಏನೆಂದು ತಂದನೋ, ಆಫೀಸರ್ ಚಿಟಿಕೆ ತೆಗೆದು ಬಾಯಿಗೇ ಹಾಕಿಕೊಂಡ.

ಆ ಪುಡಿಯಲ್ಲಿ ಕರಿಮೆಣಸು, ಹಿಪ್ಪಲಿ, ಒಣಶುಂಠಿ ಎಲ್ಲ ಉಂಟು. ಹೆತ್ತವರಿಗೇ ಕಣ್ಣೀರು ಬರಿಸುತ್ತದೆ. ಆಫೀಸರ್ ಕೆಮ್ಮಿದ, ಟೋಪಿ ತೆಗೆದ, ನೀರು ಕುಡಿದ, ಮತ್ತೆ ಕೆಮ್ಮಿದ. “ಯಲ್ಲಾ, ಯಲ್ಲಾ” ಎಂದು ಕೈ ಬೀಸಿದ. ಹೋಗು ಎಂದು ಅರ್ಥ. ಕುವೈತಿನಲ್ಲಿ ನಾನು ಕಲಿತ ಮೊದಲ ಪಾಠ: ಯಾವ ಪೆಟ್ಟಿಗೆಯಲ್ಲಿ ಏನುಂಟು ಎಂಬುದು ತುಂಬಿದವರಿಗೆ ಮಾತ್ರ ಗೊತ್ತು.

ಅಹ್ಮದಿ: ಹೊರಗೆ ಬಾಣಲೆ, ಒಳಗೆ ಹಿಮ

ಅಣ್ಣನ ಮನೆ ಅಹ್ಮದಿಯಲ್ಲಿ. ಅದು ಎಣ್ಣೆ ಕಂಪನಿಗಾಗಿ ಇಂಗ್ಲಿಷರು ಕಟ್ಟಿದ ಊರು. ಅಲ್ಲಿ ಮನೆಗಳಿಗೂ ಜಾತಿ ಉಂಟು. ಸಾಹೇಬರ ಮನೆಗೆ ಹುಲ್ಲುಹಾಸು, ಇಂಜಿನಿಯರನ ಮನೆಗೆ ಎರಡು ಗಿಡ, ಅಣ್ಣನಂಥವರ ಮನೆಗೆ ಗಿಡ ನೆಡುವ ಆಸೆ. ಬೀದಿಗಳಿಗೆ ಹೆಸರಿಲ್ಲ, ನಂಬರ್. ಎರಡನೇ ದಿನ ನಾನು ಹಸಿಶುಂಠಿ ತರಲು ಹೋಗಿ, ವಾಪಸು ಬರುವಾಗ ಬೀದಿಯ ನಂಬರ್ ಮರೆತು, ಒಂದೇ ರೀತಿಯ ಮೂರು ಮನೆಗಳ ಬಾಗಿಲು ತಟ್ಟಿದೆ. ಒಂದರಲ್ಲಿ ಈಜಿಪ್ಟಿನ ಹೆಂಗಸು ನನ್ನನ್ನು ಒಳಗೆ ಕೂರಿಸಿ ಚಹಾ ಕೊಟ್ಟು, ಏನೂ ಕೇಳದೆ, ಮುಕ್ಕಾಲು ಗಂಟೆ ತನ್ನ ಗಂಡನ ಬಗ್ಗೆ ದೂರು ಹೇಳಿದಳು. ಗಂಡನ ಬಗ್ಗೆಯೇ ಎಂದು ಹೇಗೆ ತಿಳಿಯಿತು ಎಂದು ಕೇಳಬೇಡಿ. ಆ ದನಿ ಎಲ್ಲ ದೇಶದಲ್ಲೂ ಒಂದೇ.

ಹೊರಗೆ ಬಿಸಿಲು ಬಾಣಲೆಯಂತೆ ಕಾಯುತ್ತಿದ್ದರೆ ಮನೆಯೊಳಗೆ ಎ.ಸಿ. ಹಾಕಿ, ಚಳಿಯಾಗುತ್ತದೆಂದು ಕಂಬಳಿ ಹೊದೆಯುತ್ತಾರೆ. ನಮ್ಮಲ್ಲಿ ಇದನ್ನು ಹುಚ್ಚು ಎನ್ನುತ್ತೇವೆ, ಅಲ್ಲಿ ಸೌಕರ್ಯ ಎನ್ನುತ್ತಾರೆ. ಆ ಕಂಬಳಿಯ ಮೇಲೆ ಹುಲಿ. ಕರಡಿಯ ಕೂದಲಿನಷ್ಟು ದಪ್ಪ, ಬೆಣ್ಣೆಯಷ್ಟು ಮೆತ್ತಗೆ, ಹುಲಿಯ ಕಣ್ಣು ಎಲ್ಲಿ ನಿಂತರೂ ನಿಮ್ಮನ್ನೇ ನೋಡುತ್ತದೆ. ಮೊದಲ ದಿನ ಅದನ್ನು ಹೊದ್ದು ಮಲಗಿದಾಗಲೇ ನನ್ನ ಬುದ್ಧಿ ಕೆಟ್ಟಿತು. ಮೂಲ್ಕಿಯಲ್ಲಿ ವರ್ಷವಿಡೀ ಬೆವರುತ್ತಲೇ ಇರುತ್ತೇವೆ. ಆದರೂ ಗಲ್ಫಿಗೆ ಹೋದವರ ಮನೆಯೆಂದರೆ ಹುಲಿ ಕಂಬಳಿ ಇರಲೇಬೇಕು. ಹೊದೆಯುವುದಕ್ಕಲ್ಲ, ಬಂದವರು ಮುಟ್ಟಿ ನೋಡುವುದಕ್ಕೆ.

ಮಗು ಮೇ ತಿಂಗಳ ಮೊದಲ ವಾರ ಹುಟ್ಟಿತು. ಹೆಣ್ಣು. ಆ ದಿನಗಳಲ್ಲೇ ನನಗೆ ಅಣ್ಣನ ಪುಸ್ತಕದ ಪರಿಚಯವಾದದ್ದು.

ಕಂಪನಿ ಎಸೆದಿದ್ದ ದಪ್ಪ ರಟ್ಟಿನ ರಿಜಿಸ್ಟರುಗಳು, ಮೂರು. ಅದರಲ್ಲಿ ಅಣ್ಣ ಯುರೋಪ್ ಕಪ್ಪಿನ ಚರಿತ್ರೆ ಬರೆದಿದ್ದ, ಕನ್ನಡದಲ್ಲಿ. ಯುರೋಪಿನ ಒಂದೊಂದು ದೇಶದಲ್ಲಿ ಗೆದ್ದ ಫುಟ್‌ಬಾಲ್ ಕ್ಲಬ್ಬುಗಳು ವರ್ಷವಿಡೀ ತಮ್ಮೊಳಗೆ ಆಡಿ, ಕೊನೆಗೆ ಒಬ್ಬರು ಎತ್ತುವ ಕಪ್ಪು ಅದು. ೧೯೫೬ರ ಮೊದಲ ಫೈನಲಿನಿಂದ ಹಿಡಿದು ವರ್ಷಕ್ಕೊಂದು ಅಧ್ಯಾಯ. ಅಣ್ಣ ಜೀವಮಾನದಲ್ಲಿ ಫುಟ್‌ಬಾಲ್ ಆಡಿದ್ದು ಶಾಲೆಯಲ್ಲಿ ಒಂದು ಸಲ, ಅದೂ ಗೋಲ್‌ಕೀಪರ್ ಆಗಿ, ಅದೂ ಚೆಂಡು ಬಂದಾಗ ಪಕ್ಕಕ್ಕೆ ಸರಿದು.

“ಇದನ್ನು ಯಾರು ಓದುವುದು ಅಣ್ಣಾ?” ಅಂದೆ.

“ಕನ್ನಡದಲ್ಲಿ ಇಂಥದ್ದು ನಾನೆಲ್ಲೂ ನೋಡ್ಲಿಲ್ಲ ಮಾರಾಯ್ತಿ. ಇಲ್ಲದ್ದನ್ನು ಯಾರು ಓದ್ತಾರೆ ಅಂತ ಹೇಗೆ ಗೊತ್ತಾಗುವುದು?”

ಸಂಜೆ ನಾನು ಮಗುವಿಗೆ ಎಣ್ಣೆ ತಿಕ್ಕುವಾಗ ಅವನು ಓದಿ ಹೇಳುತ್ತಿದ್ದ. ಮೊದಲ ಐದು ವರ್ಷ ಮ್ಯಾಡ್ರಿಡ್ ಊರಿನವರೇ ಗೆದ್ದದ್ದು. ಕಂಬಳದಲ್ಲಿ ಒಂದೇ ಯಜಮಾನನ ಕೋಣಗಳು ಗೆದ್ದ ಹಾಗೆ. ಎರಡು ತಂಡಗಳು ಒಮ್ಮೆ ಇವರ ಊರಲ್ಲಿ, ಒಮ್ಮೆ ಅವರ ಊರಲ್ಲಿ ಆಡಬೇಕು. ಸಮವಾದರೆ ಪರವೂರಿನಲ್ಲಿ ಹೊಡೆದ ಗೋಲಿಗೆ ಬೆಲೆ ಹೆಚ್ಚು. ಇದು ನನಗೆ ತಕ್ಷಣ ಅರ್ಥವಾಯಿತು. ಹೆಣ್ಣುಮಕ್ಕಳ ವಿಷಯದಲ್ಲಿ ನಮ್ಮಲ್ಲೂ ಅದೇ ಕಾನೂನು: ತವರಲ್ಲಿ ಎಷ್ಟು ದುಡಿದರೂ ಲೆಕ್ಕಕ್ಕಿಲ್ಲ, ಗಂಡನ ಮನೆಯಲ್ಲಿ ಎತ್ತಿದ ಒಂದು ಕೊಡಪಾನಕ್ಕೆ ಹೆಸರು. ಹಿಂದೆ ಒಂದು ಸಲ ಎಷ್ಟು ಆಡಿದರೂ ಸಮ ಬಂದು, ಕೊನೆಗೆ ಬಿಲ್ಲೆ ಚಿಮ್ಮಿದರಂತೆ. ಬಿಲ್ಲೆ ಕೆಸರಿನಲ್ಲಿ ನೆಟ್ಟಗೆ ನಿಂತುಬಿಟ್ಟಿತಂತೆ. ದೇವರೇ ತೀರ್ಪು ಕೊಡಲಾರೆ ಎಂದ ಮೇಲೂ ಬಿಡದೆ ಇನ್ನೊಮ್ಮೆ ಚಿಮ್ಮಿದರಂತೆ. ಯುರೋಪಿನವರಿಗೆ ನಾಚಿಕೆ ಕಡಿಮೆ.

ಮ್ಯಾಂಚೆಸ್ಟರಿನ ಹುಡುಗರು ಆಟ ಮುಗಿಸಿ ಬರುವಾಗ ಹಿಮದಲ್ಲಿ ವಿಮಾನ ಬಿದ್ದು ಸತ್ತದ್ದನ್ನು ಓದಿದ ದಿನ ಅತ್ತಿಗೆ ಬಿಕ್ಕಿ ಬಿಕ್ಕಿ ಅತ್ತರು. ಬಾಣಂತಿ ಅಳಬಾರದು, ಹಾಲಿಗೆ ಕೆಟ್ಟದ್ದು. ನಾನು ಪುಸ್ತಕ ಮುಚ್ಚಿಸಿದೆ. “ಹತ್ತು ವರ್ಷ ಕಳೆದು ಅದೇ ಊರಿನವರು ಕಪ್ಪು ಗೆದ್ರು ಶಶೀ” ಎಂದು ಅಣ್ಣ ಬಾಗಿಲ ಹೊರಗಿನಿಂದ ಕೂಗಿ ಹೇಳಿದ ಮೇಲೆಯೇ ಅವರು ಗಂಜಿ ಕುಡಿದದ್ದು.

೧೯೮೫ರ ಪುಟ ಮಾತ್ರ ಅವನು ಓದಲಿಲ್ಲ, ನನ್ನ ಕೈಗೆ ಕೊಟ್ಟ. ಬ್ರಸೆಲ್ಸಿನ ಮೈದಾನದಲ್ಲಿ ಆಟಕ್ಕೆ ಮೊದಲು ಗಲಾಟೆಯಾಗಿ ಗೋಡೆ ಕುಸಿದು ಮೂವತ್ತೊಂಬತ್ತು ಜನ ಸತ್ತ ವರ್ಷ. ಉಳಿದೆಲ್ಲ ಅಧ್ಯಾಯಗಳು ಗೋಲಿನ ಲೆಕ್ಕದಿಂದ ಶುರುವಾಗುತ್ತವೆ. ಅದು ಸತ್ತವರ ಸಂಖ್ಯೆಯಿಂದ ಶುರುವಾಗುತ್ತಿತ್ತು. ಯಾರು ಗೆದ್ದರು ಎನ್ನುವುದು ಕೊನೆಯ ಸಾಲಿನಲ್ಲಿ, ಸಣ್ಣ ಅಕ್ಷರದಲ್ಲಿ. ಅದನ್ನು ಓದಿದ ಮೇಲೆ ನಾನು ಆ ಪುಸ್ತಕವನ್ನು ತಮಾಷೆ ಮಾಡಲಿಲ್ಲ. ಆ ಪುಸ್ತಕದ ಬೆಲೆ ನನಗೆ ಗೊತ್ತಿರಲಿಲ್ಲ ಎಂದು ಯಾರೂ ಹೇಳಬಾರದು ಎಂದೇ ಬರೆಯುತ್ತಿದ್ದೇನೆ. ಗೊತ್ತಿತ್ತು.

ಮೀನಾ ಅಲ್ ಅಹ್ಮದಿ: ಉಪ್ಪಿನಕಾಯಿಗೆ ಬದಲು ಚರಿತ್ರೆ

ಇಷ್ಟೆಲ್ಲ ಸಂಗತಿ ಅಣ್ಣನಿಗೆ ಸಿಕ್ಕಿದ್ದು ಹೇಗೆ? ಒಂದು ಶುಕ್ರವಾರ ನನ್ನನ್ನೂ ಕರೆದುಕೊಂಡು ಹೋಗಿ ತೋರಿಸಿದ. ಅಹ್ಮದಿಯಿಂದ ಇಳಿದರೆ ಸಮುದ್ರದ ಬದಿಯಲ್ಲಿ ಮೀನಾ ಅಲ್ ಅಹ್ಮದಿ ಎಂಬ ಎಣ್ಣೆಯ ಬಂದರು. ಒಳಗೆ ನಮ್ಮಂಥವರಿಗೆ ಪ್ರವೇಶವಿಲ್ಲ. ಗೇಟಿನ ಹೊರಗೆ ಮಲಬಾರಿನವನೊಬ್ಬನ ಚಹಾದ ಅಂಗಡಿ. ದೂರದೇಶದ ಎಣ್ಣೆ ಹಡಗುಗಳ ಖಲಾಸಿಗಳು ಅಲ್ಲಿ ಬಂದು ಕೂರುತ್ತಾರೆ. ಅಣ್ಣ ಅವರ ಪಕ್ಕ ಕೂತು, “ಯಾವ ಊರು?” ಎಂದು ಕೇಳುತ್ತಾನೆ. ಯುರೋಪಿನವನಾದರೆ, ಚೀಲದಿಂದ ಅತ್ತಿಗೆಯ ಉಪ್ಪಿನಕಾಯಿ ಬಾಟಲಿ ಹೊರಗೆ ಬರುತ್ತದೆ. ಬದಲಿಗೆ ಅವನು ಹಳೆಯ ಪತ್ರಿಕೆ ಕೊಡಬೇಕು, ಇಲ್ಲವೇ ತಾನು ಕಂಡ ಆಟ ಹೇಳಬೇಕು.

ನಾನು ಹೋದ ದಿನ ಸಿಕ್ಕಿದವನು ಪೋರ್ಚುಗಲ್ಲಿನ ಮುದುಕ, ಲಿಸ್ಬನ್ ಊರಿನವನು. ಲಿಂಬೆ ಉಪ್ಪಿನಕಾಯಿಯನ್ನು ಬೆರಳಲ್ಲೇ ತೆಗೆದು ತಿನ್ನುತ್ತಾ ಶಾಪದ ಕತೆ ಹೇಳಿದ. ಅಣ್ಣ ಬರೆದುಕೊಳ್ಳುತ್ತಾ ನನಗೆ ತುಳುವಿನಲ್ಲಿ ಹೇಳಿದ. ಲಿಸ್ಬನ್ನಿನ ತಂಡ ಎರಡು ವರ್ಷ ಒಂದರ ಹಿಂದೆ ಒಂದು ಕಪ್ಪು ಗೆದ್ದಿತ್ತು. ಗೆಲ್ಲಿಸಿಕೊಟ್ಟ ಗುರು ಸಂಬಳ ಸ್ವಲ್ಪ ಹೆಚ್ಚು ಮಾಡಿ ಎಂದು ಕೇಳಿದನಂತೆ. ಆಡಳಿತದವರು ಆಗುವುದಿಲ್ಲ ಅಂದರಂತೆ. ಅವನು ಹೊರಗೆ ಹೋಗುತ್ತಾ, ಇನ್ನು ನೂರು ವರ್ಷ ನಿಮಗೆ ಈ ಕಪ್ಪು ಇಲ್ಲ ಎಂದನಂತೆ. ಆ ಮೇಲೆ ಅವರು ನಾಲ್ಕು ಸಲ ಫೈನಲಿಗೆ ಹೋಗಿ ನಾಲ್ಕು ಸಲವೂ ಸೋತಿದ್ದಾರೆ.

“ಇದಕ್ಕೆ ಪರಿಹಾರ ಮಾಡಿಸಲಿಲ್ಲವಾ?” ಎಂದು ನಾನು ಕೇಳಿದೆ. ನಮ್ಮಲ್ಲಾದರೆ ಎರಡನೇ ಸೋಲಿಗೇ ಜೋಯಿಸರ ಹತ್ತಿರ ಪ್ರಶ್ನೆ ಇಡಿಸಿ, ದೈವಕ್ಕೆ ತಪ್ಪುಕಾಣಿಕೆ ಹಾಕಿ ಮುಗಿಸುತ್ತಿದ್ದರು.

ಅಣ್ಣ ಮುದುಕನಿಗೆ ಕೇಳಿದ. ಮುದುಕ ಹೆಗಲು ಕುಣಿಸಿ ಏನೋ ಹೇಳಿದ. “ತಪ್ಪಾಯ್ತು ಅಂತ ಹೇಳಲಿಕ್ಕೆ ಆಡಳಿತದವರಿಗೆ ಪುರುಸೊತ್ತಾಗಲಿಲ್ಲವಂತೆ” ಅಂದ ಅಣ್ಣ.

ಮನೆಗೆ ಬಂದಾಗ ಅತ್ತಿಗೆ ಕಪಾಟು ತೆರೆದು ನೋಡಿ ಹೇಳಿದರು: “ಮತ್ತೊಂದು ಬಾಟ್ಲಿ ಹೋಯ್ತಾ! ನಾನು ಯುರೋಪ್ ನೋಡದಿದ್ದರೂ ಬೇಜಾರಿಲ್ಲ ಸರೋಜಾ. ನನ್ನ ಉಪ್ಪಿನಕಾಯಿ ಎಲ್ಲ ಕಡೆ ನೋಡಿ ಬಂತು.”

ಫೈನಲ್ ದಿನ

ಆ ವರ್ಷದ ಫೈನಲ್ ಮೇ ಇಪ್ಪತ್ಮೂರಕ್ಕೆ, ವಿಯೆನ್ನಾದಲ್ಲಿ. ಮಿಲಾನ್ ಊರಿನವರಿಗೂ ಅದೇ ಶಾಪಗ್ರಸ್ತ ಲಿಸ್ಬನ್ನಿನವರಿಗೂ. ಟಿವಿಯಲ್ಲಿ ತೋರಿಸುತ್ತಾರೆಂದು ಪಕ್ಕದ ಮನೆಯ ಫೆಲಿಕ್ಸ್ ಸಂಜೆಯೇ ಬಂದು ಸೋಫಾ ಹಿಡಿದರು. ಅವರು ಕಿನ್ನಿಗೋಳಿ ಕಡೆಯ ಕ್ರಿಶ್ಚನರು, ನಮ್ಮ ಮಾತಿನಲ್ಲಿ ಪರ್ಬುಗಳು, ಆಸ್ಪತ್ರೆಯ ಆಫೀಸಿನಲ್ಲಿ ಕೆಲಸ. ಫುಟ್‌ಬಾಲಿನ ಬಗ್ಗೆ ಅವರಿಗೆ ತಿಳಿದದ್ದು ಇಷ್ಟೇ: ಪೋಪರು ಇರುವುದು ಇಟಲಿಯ ನಡುವೆ, ಆದುದರಿಂದ ಇಟಲಿಯವರು ಗೆಲ್ಲಬೇಕು.

“ಲಿಸ್ಬನ್ನಿನವರೂ ನಿಮ್ಮವರೇ ಅಲ್ಲವಾ ಪರ್ಬುಗಳೇ?” ಎಂದು ಅಣ್ಣ ಕೆಣಕಿದ. “ನಿಮ್ಮ ಅಜ್ಜನಿಗೆ ಹೆಸರು ಕೊಟ್ಟವರು ಪೋರ್ಚುಗೀಸರು.”

“ಹೆಸರು ಮಾತ್ರ ಕೊಟ್ಟದ್ದು ವಾಸು. ಬೇರೆ ಎಂತ ಕೊಟ್ರು? ಸುಮ್ನೆ ಕೂತುಕೊ, ಆಟಗಾರರು ಬಂದ್ರು.”

ಆಟ ಶುರುವಾಯಿತು. ಗಂಟೆ ಕಳೆದರೂ ಏನೂ ಆಗಲಿಲ್ಲ. ಇಪ್ಪತ್ತೆರಡು ಜನ ಇಷ್ಟು ಓಡಿ ಏನೂ ಆಗದ ಕೆಲಸ ನಾನು ಬೇರೆಲ್ಲೂ ಕಂಡಿಲ್ಲ. ಒಮ್ಮೆ ನಮ್ಮ ಪಂಚಾಯತು ಮೀಟಿಂಗಿನಲ್ಲಿ ಬಿಟ್ಟರೆ. ಅಣ್ಣ ಟಿವಿಯ ಮುಂದೆ ಮೂರನೇ ರಿಜಿಸ್ಟರ್ ಬಿಡಿಸಿ ಪೆನ್ನು ಹಿಡಿದು ನೆಲದಲ್ಲಿ ಕೂತಿದ್ದ. ಆಟ ನೋಡುವವನ ಮುಖವಲ್ಲ, ಪಂಚನಾಮೆ ಬರೆಯುವವನ ಮುಖ. ಕೊನೆಗೆ ಮಿಲಾನಿನವರು ಒಂದು ಗೋಲು ಹೊಡೆದರು. ಫೆಲಿಕ್ಸ್ ಎದ್ದು ಶಿಲುಬೆ ಗುರುತು ಹಾಕಿಕೊಂಡರು. ಮಗು ಎಚ್ಚರವಾಗಿ ಅತ್ತಿತು. ಅಲ್ಲಿಗೆ ಆಟ ಖಲಾಸ್. ಲಿಸ್ಬನ್ನಿನವರಿಗೆ ಐದನೇ ಸೋಲು.

ಅಣ್ಣ ಬರೆಯುತ್ತಲೇ ಇದ್ದ. ಮಾರನೆ ದಿನ ರೇಡಿಯೋದಲ್ಲಿ ಕೇಳಿದ್ದನ್ನೂ ಸೇರಿಸಿದ: ಆ ಗುರುವಿನ ಸಮಾಧಿ ಇರುವುದು ವಿಯೆನ್ನಾದಲ್ಲೇ ಅಂತೆ. ಆಟಕ್ಕೆ ಮೊದಲು ಲಿಸ್ಬನ್ನಿನ ಹಳೆಯ ಆಟಗಾರನೊಬ್ಬ ಅಲ್ಲಿಗೆ ಹೋಗಿ, ಶಾಪ ಬಿಡಿಸು ಎಂದು ಬೇಡಿಕೊಂಡಿದ್ದನಂತೆ.

“ಪಾಪ, ಕೇಳಿದರೂ ಪ್ರಯೋಜನ ಆಗಲಿಲ್ಲ” ಅಂದೆ.

“ಹೇಗೆ ಆಗ್ತದೆ? ಸತ್ತ ಮೇಲೆ ಕಲ್ಲಿನ ಹತ್ರ ಕೇಳಿದ್ರೆ? ಆ ಮನುಷ್ಯ ಎಷ್ಟೋ ವರ್ಷ ಬದುಕಿದ್ದ. ಎದುರು ನಿಂತು ಒಂದು ಮಾತು ಹೇಳಿದ್ರೆ ಮುಗೀತಿತ್ತು.”

ಆಮೇಲೆ ಅವನು ಆ ರಿಜಿಸ್ಟರ್ ಮುಚ್ಚಿ ನನ್ನ ಮಡಿಲಲ್ಲಿ ಇಟ್ಟ. “ಸರೋಜಾ, ಮೂರನ್ನೂ ನೀನು ಊರಿಗೆ ತಕೊಂಡು ಹೋಗು. ಮಂಗಳೂರಲ್ಲಿ ಯಾವುದಾದರೂ ಪ್ರೆಸ್ಸಿಗೆ ಕೊಡು. ಇನ್ನು ತಡ ಮಾಡಿದ್ರೆ ಇದು ಮುಗಿಯುವುದಿಲ್ಲ, ವರ್ಷ ವರ್ಷ ಆಡ್ತಾರಲ್ಲ ಅವರು.”

ಪೆಟ್ಟಿಗೆ ಕಟ್ಟಿದ ದಿನ

ಜೂನ್ ಕೊನೆಗೆ ನಾನು ಹೊರಟೆ. ಯಾರಾದರೂ ಊರಿಗೆ ಹೋಗುತ್ತಾರೆಂದರೆ ಗಲ್ಫಿನಲ್ಲಿ ಒಂದು ಪದ್ಧತಿ ಉಂಟು. ಗೊತ್ತಿದ್ದವರೂ, ಗೊತ್ತಿಲ್ಲದವರೂ, ಗೊತ್ತಿದ್ದವರಿಗೆ ಗೊತ್ತಿದ್ದವರೂ ಒಂದೊಂದು ‘ಸಣ್ಣ ಪ್ಯಾಕೆಟ್’ ತಂದು ಕೊಡುತ್ತಾರೆ, ತಮ್ಮ ಮನೆಗೆ ಮುಟ್ಟಿಸಲು. ಆಗುವುದಿಲ್ಲ ಎನ್ನುವಂತಿಲ್ಲ. ಅಂದರೆ ನಾಳೆ ನಿಮ್ಮ ಪ್ಯಾಕೆಟ್ ಯಾರೂ ಒಯ್ಯುವುದಿಲ್ಲ, ಊರಲ್ಲಿ ಅವರ ಅಮ್ಮನ ಮುಂದೆ ನೀವು ತಲೆ ಎತ್ತುವಂತಿಲ್ಲ. ಫೆಲಿಕ್ಸರ ಸಣ್ಣ ಪ್ಯಾಕೆಟ್ ಗಂಟೆಗೊಂದು ಹಾಡು ಹೇಳುವ ಗೋಡೆ ಗಡಿಯಾರ. ಸಬ್ಹಾನ್ ಎಂಬಲ್ಲಿನ ಗೋದಾಮಿನಲ್ಲಿ ಕೆಲಸ ಮಾಡುವ ಪಡುಬಿದ್ರಿಯವನದ್ದು ಹಾಲುಪುಡಿ, ಆರು ಡಬ್ಬಿ. ಒಬ್ಬ ಬಂದು ಒಂದೇ ಒಂದು ಚಪ್ಪಲಿ ಕೊಟ್ಟ. ಇನ್ನೊಂದು ಹಿಂದಿನ ವಾರ ಹೋದವರ ಪೆಟ್ಟಿಗೆಯಲ್ಲಿ ಹೋಗಿತ್ತಂತೆ.

ವಿಮಾನದವರು ಬಿಡುವುದು ಮೂವತ್ತು ಕಿಲೋ. ಅಣ್ಣ ಬಚ್ಚಲಿನ ತೂಕದ ಯಂತ್ರ ತಂದು, ಎಲ್ಲ ತುಂಬಿ, ಹಗ್ಗ ಕಟ್ಟಿ, ಮೂರೂ ರಿಜಿಸ್ಟರುಗಳನ್ನು ಪೆಟ್ಟಿಗೆಯ ತಳದಲ್ಲಿಟ್ಟು ತೂಗಿದ. ಸರಿಯಾಗಿ ಮೂವತ್ತು. ಹೊರಗೆ ಉಳಿದದ್ದು ಒಂದೇ, ಅತ್ತಿಗೆ ನನ್ನ ಬಾಣಂತನದ ಕೆಲಸಕ್ಕೆ ಉಡುಗೊರೆ ಕೊಟ್ಟ ಹುಲಿ ಕಂಬಳಿ.

“ಅದು ನಾನು ಮುಂದಿನ ವರ್ಷ ತರ್ತೇನೆ” ಎಂದು ಹೇಳಿ ಅಣ್ಣ ಡ್ಯೂಟಿಗೆ ಹೋದ.

ಅತ್ತಿಗೆ ಮಗುವಿನೊಂದಿಗೆ ನಿದ್ದೆ ಮಾಡಿದ್ದರು. ನಾನೂ ಹುಲಿಯೂ ಮುಖಾಮುಖಿ ಕೂತಿದ್ದೆವು. ನಾನು ಬರಿಗೈಯಲ್ಲಿ ಹೋದರೆ ನಮ್ಮ ಓಣಿಯ ಹೆಂಗಸರು ಏನನ್ನುತ್ತಾರೆ ಎಂದು ಯೋಚಿಸಿದೆ. ಊರವರ ಗಡಿಯಾರ, ಹಾಲುಪುಡಿ, ಒಂಟಿ ಚಪ್ಪಲಿ ಎಲ್ಲ ನಾನು ಹೊರಬೇಕು, ನನ್ನದೊಂದು ಕಂಬಳಿಗೆ ಜಾಗವಿಲ್ಲ. ಚಿಕ್ಕಂದಿನಲ್ಲಿ ಕಾಲಿಗೆ ಮುಳ್ಳು ಹೊಕ್ಕಿದೆ ಎಂದು ಅಣ್ಣ ತನ್ನ ಪುಸ್ತಕದ ಚೀಲವನ್ನು ನನ್ನಿಂದ ಹೊರಿಸುತ್ತಿದ್ದ. ಅವನು ಹತ್ತನೇ ಕ್ಲಾಸಿನವರೆಗೂ ಹೋದ, ಚೀಲ ಹೊತ್ತವಳು ಐದಕ್ಕೇ ನಿಂತೆ. ಇವನ ಪುಸ್ತಕ ನಾನೆಷ್ಟು ಸಲ ಹೊರುವುದು ಎಂದುಕೊಂಡೆ. ಇದು ಕಾರಣವಲ್ಲ, ನೆಪ. ಆ ದಿನ ಮಾತ್ರ ಕಾರಣದ ಹಾಗೇ ಕಂಡಿತು.

ಚಪ್ಪಲಿಯನ್ನು ಬಿಟ್ಟು ಬರಬಹುದಿತ್ತು. ಗಡಿಯಾರವನ್ನು ಬಿಡಬಹುದಿತ್ತು. ಅವು ಪರರ ಸಾಮಾನು, ಕೇಳುವವರು ಇದ್ದರು. ತಪ್ಪು ಮಾಡುವಾಗಲೂ ನಾವು ನಮ್ಮವರನ್ನೇ ಹುಡುಕಿ ಮಾಡುತ್ತೇವೆ. ಹಗ್ಗ ಬಿಚ್ಚಿ ರಿಜಿಸ್ಟರುಗಳನ್ನು ತೆಗೆದೆ, ಕಂಬಳಿಯನ್ನು ಒತ್ತಿ ಒತ್ತಿ ತುಂಬಿ ಮತ್ತೆ ಕಟ್ಟಿದೆ. ಮೂವತ್ತೇ ಬಂತು. ರಿಜಿಸ್ಟರುಗಳನ್ನು ಅಣ್ಣ ಅತ್ತಿಗೆ ಮಲಗುವ ಕೋಣೆಯ ಕಪಾಟಿನ ಮೇಲಿದ್ದ ಹಿಡಿ ಮುರಿದ ಹಳೆಯ ಸೂಟ್‌ಕೇಸಿನೊಳಗೆ ಇಟ್ಟೆ. ಮುಂದಿನ ವರ್ಷ ಅಣ್ಣ ಬರುವ ಮೊದಲು ಹೇಗಾದರೂ ತಿಳಿಸಿದರಾಯಿತು. ಓಡಿ ಹೋಗುವ ಸಾಮಾನಲ್ಲವಲ್ಲ ಅದು.

ಸಂಜೆ ಬಂದವನು, “ಕಂಬಳಿ ಎಲ್ಲಿ?” ಅಂದ.

“ಅದೂ ಹಿಡಿಯಿತು ಅಣ್ಣಾ.”

“ಪುಸ್ತಕ ಇರುವಾಗಲೇ?”

“ಹೌದು.”

ಅವನು ಮತ್ತೆ ತೂಕ ನೋಡಿ ಬೆರಗಾದ. “ಬಾಯಲ್ಲಿ ಮೂವತ್ತೆರಡು ಹಲ್ಲಿದ್ರೂ ಹೇಳಲಿಕ್ಕಾಗುವುದಿಲ್ಲ ಮಾರಾಯ್ತಿ ನಿನ್ನ ಕೈಚಳಕ! ಕಂಪನಿಯ ಸ್ಟೋರಿನಲ್ಲಿ ಇರಬೇಕಿತ್ತು ನೀನು.” ವಿಮಾನ ನಿಲ್ದಾಣದಲ್ಲಿ ಪೆಟ್ಟಿಗೆ ಒಳಗೆ ಹೋಗುವ ಮೊದಲು ಅದರ ಮೇಲೆ ಎರಡು ಸಲ ಮೆಲ್ಲಗೆ ತಟ್ಟಿದ, ಮಗುವಿನ ಬೆನ್ನು ತಟ್ಟಿದ ಹಾಗೆ.

ಮೂಲ್ಕಿ: ಹುಲಿಯ ಜೊತೆ ಹನ್ನೊಂದು ತಿಂಗಳು

ಕಂಬಳಿಯನ್ನು ನೋಡಲು ಓಣಿಯ ಹೆಂಗಸರೆಲ್ಲ ಬಂದರು, ಮುಟ್ಟಿದರು, ಬೆವರು ಒರೆಸಿಕೊಂಡು ಹೋದರು. ಜುಲೈಯಲ್ಲಿ ಅಣ್ಣನ ಕ್ಯಾಸೆಟ್ ಬಂತು. ಗಲ್ಫಿನವರು ಕಾಗದ ಬರೆಯುವುದಕ್ಕಿಂತ ಕ್ಯಾಸೆಟಿನಲ್ಲಿ ಮಾತು ತುಂಬಿ ಕಳಿಸುವುದೇ ಹೆಚ್ಚು. ಮಗುವಿನ ಅಳು, ಅತ್ತಿಗೆಯ ಕುಶಲ, ಕೊನೆಗೆ ಅಣ್ಣ: “ಪುಸ್ತಕ ಪ್ರೆಸ್ಸಿಗೆ ಕೊಟ್ಟಿಯಾ?” ಅದೇ ಕ್ಯಾಸೆಟಿನ ಹಿಂಬದಿಯಲ್ಲಿ ನಾನು ಹೇಳಿದೆ: “ಕೊಟ್ಟೆ ಅಣ್ಣಾ, ಮಂಗಳೂರಿನ ಒಳ್ಳೆಯ ಪ್ರೆಸ್ಸು.” ಬರೆದಿದ್ದರೆ ಕೈ ನಡುಗುತ್ತಿತ್ತೇನೋ. ಬಾಯಿ ನಡುಗಲಿಲ್ಲ.

ಆಗಸ್ಟಿನಲ್ಲಿ ಇರಾಕಿನ ಸೈನ್ಯ ಕುವೈತಿಗೆ ನುಗ್ಗಿತು. ಏಳು ವಾರ ಏನೂ ಸುದ್ದಿಯಿಲ್ಲ. ಸೆಪ್ಟೆಂಬರ್ ಕೊನೆಯ ಒಂದು ಬೆಳಿಗ್ಗೆ ಅಣ್ಣ, ಅತ್ತಿಗೆ, ಮಗು ಬಂದು ಅಂಗಳದಲ್ಲಿ ನಿಂತರು. ಬಾಗ್ದಾದಿನವರೆಗೆ ಬಸ್ಸು, ಜೋರ್ಡಾನಿನ ಗಡಿಯಲ್ಲಿ ಡೇರೆ, ಅಮ್ಮಾನಿನಿಂದ ವಿಮಾನ. ಕೈಯಲ್ಲಿ ಇದ್ದದ್ದು ಒಂದು ಬಟ್ಟೆಯ ಚೀಲ. ಅಣ್ಣ ಎಷ್ಟು ಇಳಿದಿದ್ದನೆಂದರೆ ನಾನು ಮೊದಲು ಗುರುತಿಸಿದ್ದು ಮಗುವನ್ನು.

ನೀರು ಕುಡಿದು ಅವನು ಹೇಳಿದ ಮೊದಲ ಮಾತು: “ಎಲ್ಲ ಹೋಯ್ತು ಸರೋಜಾ. ನಾವು ಬಿಟ್ಟ ಮರುದಿನವೇ ಮನೆ ದೋಚಿದ್ರಂತೆ, ಬಾಗಿಲು ಸಹ ಬಿಡಲಿಲ್ಲವಂತೆ. ಪುಣ್ಯಕ್ಕೆ ಪುಸ್ತಕ ಒಂದು ನಿನ್ನ ಜೊತೆ ಬಂದಿತ್ತು.”

ಆಮೇಲೆ ಅವನು ಇನ್ನೊಂದು ಮಾತು ಹೇಳಿದ. ಅದನ್ನು ಬರೆಯದೆ ಇರಲು ಸಾಧ್ಯವಿಲ್ಲ. “ಹೊರಡುವಾಗ ಬಟ್ಟೆ ತುಂಬಲಿಕ್ಕೆ ಅಂತ ಕಪಾಟಿನ ಮೇಲಿನ ಸೂಟ್‌ಕೇಸಿಗೆ ಕೈ ಹಾಕಿದೆ. ಭಾರ ಇತ್ತು. ಶಶಿಯ ಹಳೆಯ ಬಟ್ಟೆ ಇರಬೇಕು, ಯಾರು ಖಾಲಿ ಮಾಡ್ತಾರೆ ಅಂತ ಬಿಟ್ಟೆ.”

ಎರಡೂವರೆ ತಿಂಗಳು ಅವನು ಅದರ ಕೆಳಗೇ ಮಲಗಿದ್ದ.

ಆ ದಿನವೇ ಹೇಳಬೇಕಿತ್ತು. ಎಲ್ಲ ಕಳೆದುಕೊಂಡು ಬಂದವನಿಗೆ ಇದನ್ನೂ ಹೇಳುವುದು ಹೇಗೆ ಎಂದು ನನಗೆ ನಾನೇ ಕರುಣೆಯ ಮಾತು ಆಡಿಕೊಂಡೆ. ಹೇಡಿತನಕ್ಕೆ ಕರುಣೆಯ ಅಂಗಿ ಚೆನ್ನಾಗಿ ಹೊಂದುತ್ತದೆ. ಅವನು ಪ್ರೆಸ್ಸಿನ ಬಗ್ಗೆ ಕೇಳಿದಾಗಲೆಲ್ಲ ನಾನು ಇಲ್ಲದ ಪ್ರೆಸ್ಸನ್ನು ಕಟ್ಟುತ್ತಾ ಹೋದೆ. ಅಚ್ಚಿನ ಮೊಳೆ ಜೋಡಿಸುವವನಿಗೆ ಜ್ವರ ಬರಿಸಿದೆ. ಕಾಗದದ ಲಾರಿಯನ್ನು ಘಾಟಿಯಲ್ಲಿ ನಿಲ್ಲಿಸಿದೆ. ಪ್ರೆಸ್ಸಿನ ಯಜಮಾನನ ಅತ್ತೆಯನ್ನು ಎರಡು ಸಲ ಸಾಯಿಸಿದೆ. ಎರಡನೇ ಸಲ ಅಣ್ಣ, “ಅವರಿಗೆ ಇಬ್ಬರು ಅತ್ತೆಯರಾ?” ಎಂದು ಕೇಳಿ, ಸ್ವಲ್ಪ ಹೊತ್ತು ಮರುಗಿದ. ಮೇ ತಿಂಗಳಲ್ಲಿ ಚುನಾವಣೆ ಬಂದು ನನ್ನನ್ನು ಕಾಪಾಡಿತು. ಎಲ್ಲ ಪ್ರೆಸ್ಸುಗಳೂ ಪೋಸ್ಟರ್ ಅಚ್ಚು ಹಾಕುತ್ತಿದ್ದವು. ಸಂಶಯ ಪಡುವುದು ಅಣ್ಣನಿಗೆ ಬಾರದು. “ಒಳ್ಳೆ ಕೆಲಸಕ್ಕೆ ಅವಸರ ಮಾಡಬಾರದು” ಎನ್ನುತ್ತಾ ಹುಲಿಯ ಮೇಲೆ ಮಗುವನ್ನು ಮಲಗಿಸಿ ಆಡಿಸುತ್ತಿದ್ದ. ಹುಲಿ ನನ್ನನ್ನೇ ನೋಡುತ್ತಿತ್ತು.

ಆ ದಿನಗಳಲ್ಲಿ ಅವನು ಇನ್ನೊಂದು ಬರವಣಿಗೆಯಲ್ಲಿದ್ದ. ಕುವೈತಿನಲ್ಲಿ ಕಳೆದುಕೊಂಡ ಸಾಮಾನುಗಳ ಪಟ್ಟಿ ಮಾಡಿಡಿ, ಮುಂದೆ ಪರಿಹಾರ ಕೇಳಬಹುದು ಎಂದು ಯಾರೋ ಹೇಳಿದ್ದರು. ಅಣ್ಣ ಅಚ್ಚುಕಟ್ಟಾಗಿ ಬರೆದ: ಟಿವಿ, ಫ್ರಿಜ್ಜು, ತೊಟ್ಟಿಲು, ರೇಡಿಯೋ, ಉಪ್ಪಿನಕಾಯಿ ಭರಣಿ ನಾಲ್ಕು.

ಮಂಗಳೂರು: ಎಡವೋ ಬಲವೋ

೧೯೯೧ರ ಮೇ ಮೂವತ್ತರ ಬೆಳಿಗ್ಗೆ ಅಣ್ಣ ಪಕ್ಕದ ಮನೆಯ ರೇಡಿಯೋಕ್ಕೆ ಕಿವಿ ಕೊಟ್ಟು ಬಂದವನು ಅಂಗಳದಿಂದಲೇ ಕೂಗಿದ: “ಬೆಲ್ಗ್ರೇಡಿನವರು ಗೆದ್ರು ಸರೋಜಾ! ಯುಗೊಸ್ಲಾವಿಯಾಕ್ಕೆ ಇದೇ ಮೊದಲು. ಗೋಲೇ ಇಲ್ಲ, ಕೊನೆಗೆ ಪೆನಾಲ್ಟಿಯಲ್ಲಿ ತೀರ್ಮಾನ!”

ಕುವೈತಿನಿಂದ ಬಂದ ಮೇಲೆ ಅವನು ಅಷ್ಟು ಜೋರಾಗಿ ಮಾತಾಡಿದ್ದನ್ನು ನಾನು ಕೇಳಿರಲಿಲ್ಲ. ಅಲ್ಲೇ ಇಸ್ತ್ರಿ ಅಂಗಿ ಹಾಕಿದ, ಜೇಬಿಗೆ ಪೆನ್ನು ಸಿಕ್ಕಿಸಿದ. “ನಡಿ, ಪ್ರೆಸ್ಸಿಗೆ ಹೋಗುವ. ಅಚ್ಚಿಗೆ ಹೋಗುವ ಮೊದಲು ಈ ಪುಟ ಸೇರಬೇಕು. ಪಟ್ಟಿಯನ್ನೂ ಝೆರಾಕ್ಸ್ ಮಾಡಿಸಿದ ಹಾಗಾಯ್ತು.”

ನಾನು ಸೀರೆ ಉಟ್ಟೆ. ಹೋಗುವುದಕ್ಕೆ ಸ್ಥಳವಿಲ್ಲದಿದ್ದರೂ ಹೊರಟೆ. ಕುವೈತಿಗೆ ಹೋದದ್ದಕ್ಕಿಂತ ಉದ್ದದ ಪ್ರಯಾಣ ಅದು, ಮೂಲ್ಕಿಯಿಂದ ಮಂಗಳೂರಿಗೆ. ಸುರತ್ಕಲ್ ಬರುವಾಗ ಹೇಳುತ್ತೇನೆ ಎಂದುಕೊಂಡೆ. ಕೂಳೂರು ಸೇತುವೆ ಬರುವಾಗ ಎಂದುಕೊಂಡೆ. ಅಣ್ಣ ಕಿಟಕಿಯ ಬದಿಯಲ್ಲಿ ಕೂತು ಪಟ್ಟಿಯ ಹಿಂದಿನ ಖಾಲಿ ಜಾಗದಲ್ಲಿ ಬೆಲ್ಗ್ರೇಡಿನ ಅಧ್ಯಾಯ ಬರೆಯುತ್ತಿದ್ದ. ಬಸ್ಸು ಕುಲುಕಿದಾಗೆಲ್ಲ ಪೆನ್ನು ಎತ್ತಿ ಹಿಡಿದು, ನಿಂತ ಮೇಲೆ ಮುಂದುವರಿಸುತ್ತಿದ್ದ.

ಬಸ್ಸು ಇಳಿದೆವು. ನಾಲ್ಕು ರಸ್ತೆ ಕೂಡುವ ಜಾಗ, ಜನ, ರಿಕ್ಷಾಗಳ ಹಾರ್ನು. ಅಣ್ಣ ಹಾಳೆ ಮಡಚಿ ಜೇಬಿಗಿಟ್ಟು ನನ್ನ ಕಡೆ ತಿರುಗಿದ.

“ಹೇಳು, ಎಡಕ್ಕಾ ಬಲಕ್ಕಾ?”

ನಾನು ಎಡಕ್ಕೆ ನೋಡಿದೆ, ಬಲಕ್ಕೆ ನೋಡಿದೆ. ಲಿಸ್ಬನ್ನಿನ ಆಡಳಿತದವರ ನೆನಪಾಯಿತು. ಅವರು ಕಲ್ಲಿನ ತನಕ ತಡ ಮಾಡಿದರು. ನನ್ನ ಎದುರು ಅಣ್ಣ ಇಸ್ತ್ರಿ ಅಂಗಿ ಹಾಕಿ, ಜೀವಂತ ನಿಂತಿದ್ದ.

“ಯಾವ ಕಡೆಗೂ ಇಲ್ಲ ಅಣ್ಣಾ” ಅಂದೆ.

“ಎಂತ?”

“ಪ್ರೆಸ್ಸು ಇಲ್ಲ. ಯಾವತ್ತೂ ಇರಲಿಲ್ಲ. ನೀನು ಭಾರ ಅಂತ ಬಿಟ್ಟು ಬಂದ ಆ ಸೂಟ್‌ಕೇಸಿನಲ್ಲಿ ಇದ್ದದ್ದು ಅತ್ತಿಗೆಯ ಬಟ್ಟೆ ಅಲ್ಲ, ನಿನ್ನ ಮೂರು ಪುಸ್ತಕ. ಕಂಬಳಿಗೆ ಜಾಗ ಮಾಡಲಿಕ್ಕೆ ನಾನೇ ತೆಗೆದು ಅಲ್ಲಿ ಇಟ್ಟದ್ದು. ಜೇಬಿನಲ್ಲಿರುವ ಪಟ್ಟಿಯಲ್ಲಿ ಅದನ್ನೂ ಬರಿ, ಎಲ್ಲಕ್ಕಿಂತ ಮೇಲೆ ಬರಿ. ತಪ್ಪಾಯ್ತು ಅಣ್ಣಾ. ನನ್ನಿಂದ ತಪ್ಪಾಯ್ತು.”